ಕುಟುಂಬ ವೈದ್ಯರಿಗೆ ಸನ್ಮಾನ: ಶಾಲು ತರುವುದಕ್ಕೆ ಮೊದಲಿನ ಕೆಲಸ

ವೈದ್ಯರ ದಿನ ಜುಲೈ 1ಕ್ಕೆ ಬರುತ್ತದೆ. ವೈದ್ಯರೂ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯೂ ಆಗಿದ್ದ ಡಾ. ಬಿ.ಸಿ. ರಾಯ್ ಹುಟ್ಟಿದ್ದೂ (1882) ತೀರಿಕೊಂಡದ್ದೂ (1962) ಅದೇ ತಾರೀಕು. 1991ರಿಂದ ದೇಶವಿಡೀ ಆಚರಿಸುತ್ತಾರೆ. ಆದರೆ ಮಂಗಳೂರಿನ ಕುಟುಂಬ ವೈದ್ಯರಿಗೆ ಅಷ್ಟು ಅನನುಕೂಲದ ದಿನ ಇನ್ನೊಂದಿಲ್ಲ. ಮಳೆ ಹಿಡಿದು ಕೆಲವು ವಾರ ಆಗಿರುತ್ತದೆ, ಡೆಂಗಿ, ಮಲೇರಿಯಾ, ಇಲಿಜ್ವರ ಒಟ್ಟಿಗೇ ಶುರುವಾಗಿರುತ್ತವೆ, ಕ್ಲಿನಿಕ್ಕಿನ ಬೆಂಚು ರಾತ್ರಿ ಒಂಬತ್ತಾದರೂ ಖಾಲಿಯಾಗುವುದಿಲ್ಲ. ಕುಟುಂಬ ವೈದ್ಯರಿಗೆಂದೇ ಇನ್ನೊಂದು ದಿನ ಉಂಟು, ಮೇ 19. ಕುಟುಂಬ ವೈದ್ಯರ ಜಾಗತಿಕ ಸಂಸ್ಥೆ ವೊಂಕಾ 2010ರಲ್ಲಿ ಘೋಷಿಸಿದ್ದು. ಅದು ಮದುವೆ ಮುಹೂರ್ತಗಳ ನಡುವೆ, ಮಕ್ಕಳ ರಜೆ ಮುಗಿಯುವ ಹೊತ್ತಿಗೆ ಬೀಳುತ್ತದೆ. ಆ ದಿನಕ್ಕೆ ಪತ್ರಿಕೆಗೊಂದು ಲೇಖನ ಕೊಡಬಹುದು, ಸಭೆ ಸೇರಿಸಲು ಆಗುವುದಿಲ್ಲ.

ಇಲ್ಲಿನ ಕುಟುಂಬ ವೈದ್ಯರ ಸಂಘದ ಕಾರ್ಯದರ್ಶಿಯಾಗಿ ನಾನು ಹಿಡಿದುಕೊಂಡ ಲೆಕ್ಕ ಹೀಗೆ. ಸನ್ಮಾನ ಜುಲೈಯ ಮೊದಲ ಅಥವಾ ಎರಡನೆಯ ಭಾನುವಾರ, ಆಟಿ ಹಿಡಿಯುವ ಮೊದಲು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತುಳುನಾಡಿನಲ್ಲಿ ಶುಭಕಾರ್ಯ ಇಡದ ತಿಂಗಳು; ಆಗ ಇಟ್ಟರೆ ಹಿರಿಯ ಡಾಕ್ಟ್ರು ಒಪ್ಪಿದರೂ ಮನೆಯವರು "ಆಟಿಯಲ್ಲಿ ಎಂತ ಸನ್ಮಾನ?" ಎನ್ನುತ್ತಾರೆ. ಸಿಎಂಇಗೆ (ವೈದ್ಯರ ಮುಂದುವರಿದ ಕಲಿಕೆಯ ಉಪನ್ಯಾಸ ಕಾರ್ಯಕ್ರಮ) ಮಾತ್ರ ಆಟಿಯಷ್ಟು ಒಳ್ಳೆಯ ತಿಂಗಳಿಲ್ಲ: ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಸಭಾಂಗಣ ಕೇಳಿದ ದಿನ ಸಿಗುತ್ತದೆ. ಉಡುಪಿಯವರು ಪಂಚಾಂಗದಲ್ಲಿ ಇನ್ನೊಂದು ನೋಡಬೇಕು, ಕೃಷ್ಣಮಠದ ಪೂಜೆಯ ಅಧಿಕಾರ ಕೈ ಬದಲಾಗುವ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ. ಆ ವಾರ ಊರೊಳಗೆ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ, ಹೊರಗಿನಿಂದ ಬರುವ ಉಪನ್ಯಾಸಕರಿಗೆ ಕೋಣೆ ಸಿಗುವುದಿಲ್ಲ.

ಹೊತ್ತು ಭಾನುವಾರ ಬೆಳಿಗ್ಗೆ 10.30. ಒಂಬತ್ತೂವರೆಗೆ ಇಟ್ಟರೆ ಪೂಜೆಗೆ ಹೋದ ಕ್ರೈಸ್ತ ಸದಸ್ಯರು ಇಗರ್ಜಿಯಿಂದ ಇನ್ನೂ ಹೊರಟಿರುವುದಿಲ್ಲ. ಭಾನುವಾರ ಬೆಳಿಗ್ಗೆ ಒಂದು ಗಳಿಗೆ ಕ್ಲಿನಿಕ್ ತೆರೆಯುವವರೂ ಇದ್ದಾರೆ. ವಾರದ ದಿನ ಬೇಕೇಬೇಕೆಂದರೆ ರಾತ್ರಿ 8.45ಕ್ಕೆ ಮೊದಲು ಯಾರೂ ಸಿಗುವುದಿಲ್ಲ. ವಾಟ್ಸ್ಯಾಪಿನಲ್ಲಿ "ಬರುತ್ತೇನೆ" ಎಂದ ಹತ್ತು ಮಂದಿಯಲ್ಲಿ ಏಳು ಮಂದಿಗೆ ಊಟ ಹೇಳಿದರೆ ಸಾಕು. ಧಾರಾಕಾರ ಮಳೆ ಇದ್ದರೆ ಆರು.

ಸನ್ಮಾನವನ್ನು ಒಂದೇ ಕಾರ್ಯಕ್ರಮವಾಗಿ ಇಟ್ಟರೆ ಸನ್ಮಾನಿತರ ನೆಂಟರು ಮಾತ್ರ ಬರುತ್ತಾರೆ. ಜೊತೆಗೊಂದು ಕ್ರೆಡಿಟ್ ಇರುವ ಸಿಎಂಇ ಬೇಕು. ಕರ್ನಾಟಕದಲ್ಲಿ ವೈದ್ಯರು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದಕ್ಕೆ 30 ಕ್ರೆಡಿಟ್ ಗಂಟೆ ಕೂಡಿಸಬೇಕು. ದೊಡ್ಡ ಆಸ್ಪತ್ರೆಯಲ್ಲಿ ಇರುವವರಿಗೆ ಇದೊಂದು ಕಷ್ಟವೇ ಅಲ್ಲ, ಕೆಳಗಿನ ಮಹಡಿಯಲ್ಲೇ ಸಮ್ಮೇಳನ ನಡೆಯುತ್ತದೆ. ಬಜಪೆಯಲ್ಲೋ ಕಿನ್ನಿಗೋಳಿಯಲ್ಲೋ ಒಬ್ಬರೇ ಕ್ಲಿನಿಕ್ ನಡೆಸುವವರು ಬಾಗಿಲು ಹಾಕಿಯೇ ಬರಬೇಕು. ಸಂಘದಿಂದ ಅವರಿಗೆ ಆಗುವ ನಿಜವಾದ ಉಪಕಾರ ಇದು.

ಕ್ರೆಡಿಟ್ ಮಂಜೂರಿಗೆ ಅರ್ಜಿಯನ್ನು ನಾವು ಎರಡು ತಿಂಗಳು ಮೊದಲೇ ವೈದ್ಯರ ನೋಂದಣಿ ನೋಡಿಕೊಳ್ಳುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕಳಿಸುತ್ತೇವೆ. ವಿಷಯ, ಉಪನ್ಯಾಸಕರ ವಿವರ, ನಿಮಿಷ ನಿಮಿಷದ ವೇಳಾಪಟ್ಟಿ, ಶುಲ್ಕ ಎಲ್ಲವೂ ಬೇಕು. ಮಂಜೂರಾದ ಮೇಲೆ ಉಪನ್ಯಾಸಕರು ಬದಲಾದರೆ ಕೂಡಲೇ ತಿಳಿಸಬೇಕು. ಪರಿಷತ್ತಿನ ವೀಕ್ಷಕರು ಬಂದು ಕೂರುತ್ತಾರೆ. ಉದ್ಘಾಟನೆ, ಸನ್ಮಾನ, ಊಟಕ್ಕೆ ಹೋದ ಹೊತ್ತು ಪಾಠದ ಹೊತ್ತಲ್ಲ. ಹಾಗಾಗಿ ವೇಳಾಪಟ್ಟಿಯಲ್ಲಿ ಎರಡನ್ನೂ ಬೇರೆ ಬೇರೆ ತೋರಿಸುತ್ತೇವೆ, ಹಾಜರಿಗೆ ಬಂದಾಗ ಒಂದು ಸಹಿ, ಹೋಗುವಾಗ ಇನ್ನೊಂದು ಸಹಿ ತೆಗೆದುಕೊಳ್ಳುತ್ತೇವೆ.

ಹಾಜರಿ ಹಾಳೆಯಲ್ಲಿ ಆಗುವ ತಪ್ಪು ಎರಡು. ಮೊದಲನೆಯದು ನಮ್ಮ ಊರಿನದ್ದೇ. ಮಂಗಳೂರು-ಮಣಿಪಾಲದಲ್ಲಿ ಕೆಎಂಸಿ ಎಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಬೆಂಗಳೂರಿನಲ್ಲಿ ಅದೇ ಮೂರಕ್ಷರ ಕರ್ನಾಟಕ ಮೆಡಿಕಲ್ ಕೌನ್ಸಿಲ್, ಅಂದರೆ ಈ ಪರಿಷತ್ತು. ಕಾಲಮ್ಮಿಗೆ "ಕೆಎಂಸಿ ನಂಬರ್" ಎಂದು ಹಾಕಿದರೆ ಹೊಸಬರಲ್ಲಿ ಕೆಲವರು ಕಾಲೇಜಿನ ನಂಬರ್ ಬರೆದು ಹೋಗುತ್ತಾರೆ. "ಪರಿಷತ್ತಿನ ನೋಂದಣಿ ಸಂಖ್ಯೆ" ಎಂದು ಪೂರ್ತಿ ಅಚ್ಚು ಹಾಕಿಸಿ. ಎರಡನೆಯದು ಹೆಸರು: ನೋಂದಣಿ ತಂದೆಯ ಹೆಸರಿನಲ್ಲಿ, ಈಗ ಕರೆಯುವುದು ಗಂಡನ ಮನೆಯ ಸರ್‌ನೇಮ್‌ನಲ್ಲಿ. ಪ್ರಮಾಣಪತ್ರ ನೋಂದಣಿಯಲ್ಲಿರುವ ಹೆಸರಿಗೇ ಆಗಬೇಕು, ಇಲ್ಲದಿದ್ದರೆ ನವೀಕರಣದ ಹೊತ್ತಿಗೆ ಎಲ್ಲರೂ ಕಾರ್ಯದರ್ಶಿಗೆ ಫೋನ್ ಮಾಡುತ್ತಾರೆ.

ವಿಷಯ ಆರಿಸುವಾಗ ಉಪನ್ಯಾಸಕರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು: ಐಸಿಯು ಸ್ಲೈಡ್ ಬೇಡ. ವೈವಾಕ್ಸ್ ಮಲೇರಿಯಾ ಎಂದರೆ ನಮಗೆ ಬೇಕಾದದ್ದು ಜ್ವರ ಮರುಕಳಿಸದಂತೆ ಕೊಡುವ ಮಾತ್ರೆ ಪ್ರೈಮಾಕ್ವಿನ್. ಕಿಲೋಗೆ 0.25 ಮಿಲಿಗ್ರಾಂ, 14 ದಿನ. ಗರ್ಭಿಣಿಗೆ, ಎಳೆ ಶಿಶುವಿಗೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಇಲ್ಲ. ನಾಲ್ಕನೇ ದಿನ ಜ್ವರ ಬಿಟ್ಟಿತೆಂದು ಮಾತ್ರೆ ಬಿಡುವ ಕಟ್ಟಡ ಕಾರ್ಮಿಕನನ್ನು ಹದಿನಾಲ್ಕನೇ ದಿನದವರೆಗೆ ಹಿಡಿದಿಡುವುದು ಹೇಗೆ, ಅವನು ಅಷ್ಟರಲ್ಲಿ ಬೇರೆ ಸೈಟಿಗೆ ಹೋದರೆ ಏನು ಮಾಡುವುದು ಎಂಬುದೇ ಚರ್ಚೆಯ ಮುಖ್ಯ ಭಾಗ. ಮಂಗನ ಕಾಯಿಲೆಯ ವಿಷಯ ಬೈಂದೂರು, ಕುಂದಾಪುರ ಕಡೆಯವರಿಗೆ ಬೇಕಾದದ್ದು, ಆದರೆ ಅದರ ಕಾಲ ಡಿಸೆಂಬರಿನಿಂದ ಮೇ. ಜುಲೈಯಲ್ಲಿ ಹೇಳಿ ಪ್ರಯೋಜನ ಇಲ್ಲ, ನವೆಂಬರಿಗೆ ಇಡಿ.

ಹಣದ ವಿಷಯ ಚಿಕ್ಕದಾಗಿ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ವಾರ್ಷಿಕ ಸಭೆಯಾಗಿ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬೇಕು. ಇದನ್ನು ಎರಡು ವರ್ಷ ಬಿಟ್ಟರೆ ಬ್ಯಾಂಕಿನಲ್ಲಿ ಸಹಿ ಬದಲಿಸುವಾಗಲೇ ಬಿಸಿ ಮುಟ್ಟುವುದು. ಔಷಧ ಕಂಪನಿಯ ಹಣ ಬಂದರೆ ಸ್ಟಾಲ್ ಬಾಡಿಗೆ ಎಂದು ಸಂಘದ ಖಾತೆಗೇ, ರಸೀದಿಯೊಂದಿಗೆ. 2024ರ ಮಾರ್ಚಿನಲ್ಲಿ ಬಂದ ಔಷಧ ಮಾರಾಟ ಸಂಹಿತೆ ವೈದ್ಯರಿಗೂ ಅವರ ಮನೆಯವರಿಗೂ ಉಡುಗೊರೆ ಕೊಡಬಾರದೆನ್ನುತ್ತದೆ. ಪುಸ್ತಕ, ಡೈರಿಯಂಥ ವಸ್ತುವಿಗೂ 1,000 ರೂಪಾಯಿಯ ಮಿತಿ ಇದೆ. ಸನ್ಮಾನದ ಶಾಲು, ಹಾರ, ಸ್ಮರಣಿಕೆ ಮಾತ್ರ ನಾವು ಸದಸ್ಯರ ಚಂದಾದಿಂದಲೇ ತೆಗೆಯುತ್ತೇವೆ. ವೇದಿಕೆಯ ಬ್ಯಾನರಿನಲ್ಲಿ ಮಾತ್ರೆಯ ಹೆಸರು ಹಿರಿಯರ ತಲೆಯ ಹಿಂದೆ ಬಂದ ಫೋಟೋ ಒಮ್ಮೆ ಅಚ್ಚಾದರೆ ಮತ್ತೆ ಅಳಿಸಲು ಆಗುವುದಿಲ್ಲ.

ಇನ್ನು ಆಯ್ಕೆ. ವರ್ಷಕ್ಕೆ ಮೂರು ಹೆಸರು, ಅದಕ್ಕಿಂತ ಹೆಚ್ಚು ಬೇಡ. ಒಬ್ಬರಿಗೆ 12 ನಿಮಿಷ ಬೇಕು: ಸನ್ಮಾನ ಪತ್ರ ಓದಲು ಮೂರು, ಶಾಲು-ಫೋಟೋಗೆ ಮೂರು, ಅವರ ಮಾತಿಗೆ ಆರು. ಐದು ಮಂದಿಯನ್ನು ಕೂರಿಸಿದರೆ ಒಂದು ಗಂಟೆ. ಐದನೆಯವರು ಮಾತಿಗೆ ಎದ್ದಾಗ ಸಭೆ ಸಾಂಬಾರಿನ ಪರಿಮಳದ ಕಡೆಗೆ ತಿರುಗಿರುತ್ತದೆ. ಮೂರರಲ್ಲಿ ಒಂದು ನಗರದ ಹೊರಗಿನವರಿಗೆ, ಒಂದಾದರೂ ಮಹಿಳೆಗೆ. ಒಂದೇ ಪರಿಸರದಲ್ಲಿ 25 ವರ್ಷ ದಾಟಿರಬೇಕು, ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಬೇಕು, ಕಳೆದ ಮೂರು ವರ್ಷದಲ್ಲಿ ಸಂಘದ ಹುದ್ದೆಯಲ್ಲಿ ಇದ್ದಿರಬಾರದು. ಕೊನೆಯ ಷರತ್ತಿಗೆ ಪ್ರತಿ ವರ್ಷ ವಿರೋಧ ಬರುತ್ತದೆ, ಬಿಡಬಾರದು. ಆಯ್ಕೆ ಸಮಿತಿಯ ಮೂವರಲ್ಲಿ ಈಗಿನ ಪದಾಧಿಕಾರಿ ಯಾರೂ ಇರಕೂಡದು.

ಸದಸ್ಯರು ಸೂಚಿಸುವ ಹೆಸರುಗಳು ಸಾಮಾನ್ಯವಾಗಿ ಸಭೆಗೆ ಬರುವವರವೇ. ಸಭೆಗೆ ಬಾರದೆ ಕ್ಲಿನಿಕ್ಕಿನಲ್ಲೇ ಇರುವವರ ಹೆಸರು ಬೇಕಾದರೆ ಆ ಊರಿನ ಮೆಡಿಕಲ್ ಶಾಪಿನವರನ್ನು ಕೇಳಬೇಕು. ಯಾವ ಡಾಕ್ಟ್ರ ಚೀಟಿಯಲ್ಲಿ ಎಷ್ಟು ಔಷಧ ಇರುತ್ತದೆ, ಹಣ ಇಲ್ಲದವರನ್ನು ಯಾರು "ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ" ಎಂದು ಕಳಿಸುತ್ತಾರೆ, ಎಲ್ಲ ಅವರಿಗೆ ಗೊತ್ತು. 75 ದಾಟಿದವರನ್ನು "ಮುಂದಿನ ವರ್ಷ ನೋಡುವ" ಎಂದು ಮುಂದೂಡಬೇಡಿ. ಬರಲು ಆಗದವರಿಗೆ ಅವರ ಮನೆಯಲ್ಲೇ, ಐದಾರು ಜನ ಹೋಗಿ, ಸಂಜೆ ನಾಲ್ಕಕ್ಕೆ.

ಒಪ್ಪಿಗೆಗೆ ಪತ್ರ ಅಲ್ಲ, ಫೋನ್. "ಸರ್, ಈ ಸಲ ನಿಮ್ಮ ಹೆಸರು ಬಂದಿದೆ" ಎಂದರೆ ಉತ್ತರ ಬಹುಪಾಲು ಒಂದೇ: "ನನಗೆಂತಕ್ಕೆ ಮಾರಾಯ್ರೆ, ಬೇರೆ ಯಾರಿಗಾದರೂ ಕೊಡಿ." ಮೊದಲ ಸಲದ ಬೇಡ ಬೇಡವಲ್ಲ. ಎರಡು ದಿನ ಬಿಟ್ಟು ಮತ್ತೆ ಕೇಳಿದಾಗಲೂ ಬೇಡ ಎಂದರೆ ಅದು ನಿಜವಾದ ಬೇಡ, ಅಲ್ಲಿಗೆ ಬಿಡಬೇಕು.

ಸನ್ಮಾನ ಪತ್ರಕ್ಕೆ ಬಯೋಡಾಟಾ ಕೇಳಿದರೆ ಕೆಟ್ಟಿತು. ನಾಲ್ಕು ಸಾಲು ಬರುತ್ತದೆ: ಹುಟ್ಟಿದ ದಿನ, ಪದವಿ, ಕ್ಲಿನಿಕ್ಕಿನ ವಿಳಾಸ, ಮಕ್ಕಳು ಎಲ್ಲೆಲ್ಲಿದ್ದಾರೆ. ಬರೆಯುವವರು ಆ ಟೊಳ್ಳನ್ನು ತುಂಬಲು "ಬಡವರ ಆಶಾಕಿರಣ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ವೈದ್ಯೋ ನಾರಾಯಣೋ ಹರಿಃ ಎಂಬ ಮಾತಿಗೆ ಅನ್ವರ್ಥ" ಎಂದು ಹಾಕುತ್ತಾರೆ. ಹೆಸರು ಬದಲಿಸಿದರೆ ಅದೇ ಪತ್ರ ಮುಂದಿನ ವರ್ಷಕ್ಕೂ ಆಗುತ್ತದೆ, ಕೆಲವು ಕಡೆ ಆಗಿಯೂ ಇದೆ. ಇದರ ಬದಲು ಅರ್ಧ ಗಂಟೆ ಎದುರು ಕೂತು ಆರು ಪ್ರಶ್ನೆ ಕೇಳುತ್ತೇವೆ. ಮೊದಲ ಕ್ಲಿನಿಕ್ ಯಾವ ಕಟ್ಟಡದಲ್ಲಿ, ಬಾಡಿಗೆ ಎಷ್ಟು? ಆಗ ಫೀಸು ಎಷ್ಟು? ರಾತ್ರಿ ಕರೆಗೆ ಏನಲ್ಲಿ ಹೋಗುತ್ತಿದ್ದಿರಿ? ಹೊಳೆ ದಾಟುವುದಿತ್ತೇ? ಕಂಪೌಂಡರ್ ಯಾರು, ಎಷ್ಟು ವರ್ಷ ಇದ್ದರು? ನಿಮಗೇ ಹುಷಾರಿಲ್ಲದ ದಿನ ರೋಗಿಗಳನ್ನು ಯಾರ ಹತ್ತಿರ ಕಳಿಸುತ್ತಿದ್ದಿರಿ? ಉತ್ತರಗಳಿಂದ ಇಂಥ ಸಾಲು ಹುಟ್ಟುತ್ತದೆ: "ಟಾರ್ಚು, ಬಿಪಿ ಉಪಕರಣ, ಎರಡು ಆಂಪೂಲ್ ಅಡ್ರಿನಲಿನ್ ಇದ್ದ ತಮ್ಮ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು." ಸಭೆಯಲ್ಲಿ ಕೂತ ಮನೆಯವರು ಇಂಥ ಸಾಲಿಗೆ ಮುಖ ಎತ್ತುತ್ತಾರೆ, ಸಾಕಾರಮೂರ್ತಿಗೆ ಎತ್ತುವುದಿಲ್ಲ.

ಪತ್ರ 150 ಪದ ದಾಟಬಾರದು. "ತಾವು" ಎಂದು ಶುರು ಮಾಡಿದರೆ ಕೊನೆಯವರೆಗೂ ತಾವು. ಅರ್ಧದಲ್ಲಿ "ಇವರು" ಆಗುವುದು ಅತಿ ಸಾಮಾನ್ಯ ತಪ್ಪು, ಏಕೆಂದರೆ ಎರಡನೇ ಪ್ಯಾರಾ ಹಳೆಯ ಪರಿಚಯ ಪತ್ರದಿಂದ ಎತ್ತಿದ್ದಾಗಿರುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಪಠ್ಯವನ್ನು ಮುದ್ರಣದವರು ನುಡಿ ಫಾಂಟಿಗೆ ತಿರುಗಿಸುವಾಗ ಅರ್ಕಾವತ್ತು, ಒತ್ತಕ್ಷರ ಕೈಕೊಡುತ್ತವೆ. "ಕಾರ್ಯದರ್ಶಿ", "ಮಾರ್ಗದರ್ಶನ" ಇವೆರಡನ್ನು ಮೊದಲು ನೋಡಿ. ಪ್ರೂಫನ್ನು ಪರದೆಯಲ್ಲಿ ಅಲ್ಲ, ಕಾಗದದಲ್ಲಿ ತೆಗೆದು ಅವರ ಮನೆಯವರಿಂದ ಓದಿಸಿ.

ಪದವಿಯ ಸಾಲಿಗೆ ಇನ್ನೂ ಎಚ್ಚರ ಬೇಕು. ಕುಟುಂಬ ವೈದ್ಯಶಾಸ್ತ್ರದಲ್ಲಿ ಈಗ ಡಿಎನ್‌ಬಿ, ಎಂಡಿ ಎಂಬ ಸ್ನಾತಕೋತ್ತರ ಪದವಿ ಎರಡೂ ಇವೆ. ಅದನ್ನು ಓದಿದವರಿಗೆ "ಕುಟುಂಬ ವೈದ್ಯಶಾಸ್ತ್ರ ತಜ್ಞ" ಎನ್ನಬಹುದು. ಎಂಬಿಬಿಎಸ್ ಮುಗಿಸಿ 40 ವರ್ಷ ಕ್ಲಿನಿಕ್ ನಡೆಸಿದವರು ಕುಟುಂಬ ವೈದ್ಯರು, ಅದೇ ಅವರ ಹೆಸರು. ಪ್ರೀತಿಗೆ "ಮಕ್ಕಳ ತಜ್ಞ" ಎಂದು ಬರೆದರೆ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ತೊಂದರೆ ಅವರಿಗೇ. ಫೆಲೋಶಿಪ್ಪನ್ನು ಫೆಲೋಶಿಪ್ ಎಂದೇ ಬರೆಯಿರಿ.

ವೇದಿಕೆಯಲ್ಲಿ ಕ್ರಮ ಮುಖ್ಯ. ಹಿರಿಯರು ಕೈಯಿರುವ ಕುರ್ಚಿಯಲ್ಲಿ ಕೂತಿರುವಾಗಲೇ ಪತ್ರ ಓದಿ ಮುಗಿಸಬೇಕು, ಆಮೇಲೆ ಶಾಲು, ಹಾರ, ಪತ್ರ. ಮೊದಲು ಹಣ್ಣಿನ ತಟ್ಟೆ ಕೈಗೆ ಕೊಟ್ಟು ಪತ್ರ ಓದತೊಡಗಿದರೆ 80ರ ವ್ಯಕ್ತಿ ಮೂರು ನಿಮಿಷ ಮೂರು ಕಿಲೋ ಹಿಡಿದು ನಿಲ್ಲುತ್ತಾರೆ. ಹಣ್ಣು ನೇರ ಕಾರಿಗೆ ಹೋಗಲಿ. ಪೇಟ ಬಿಟ್ಟುಬಿಟ್ಟಿದ್ದೇವೆ, ಅಳತೆ ಯಾರಿಗೂ ಸರಿಯಾಗುವುದಿಲ್ಲ, ಫೋಟೋದಲ್ಲಿ ಕಣ್ಣು ಕಾಣುವುದಿಲ್ಲ. ಪತ್ನಿಯನ್ನೋ ಪತಿಯನ್ನೋ ವೇದಿಕೆಗೆ ಕರೆಯುವುದಿದ್ದರೆ ಮೆಟ್ಟಿಲಿಗೆ ಒಬ್ಬರನ್ನು ನಿಲ್ಲಿಸಿ. ಮಾತು ಯಾವ ಭಾಷೆಯಲ್ಲಾದರೂ ಆಗಲಿ. ತುಳುವಿನಲ್ಲೋ ಕೊಂಕಣಿಯಲ್ಲೋ ಆಡಿದಾಗಲೇ ಅವರು ಬಾಯಿ ಬಿಡುವುದು, ಬ್ಯಾರಿಯಲ್ಲಿ ಆಡಿದವರೂ ಇದ್ದಾರೆ.

ಪತ್ರಿಕೆಗೆ ಅದೇ ಸಂಜೆ ಐದರೊಳಗೆ ಕಳಿಸಿ, ಆರು ಸಾಲು, ಒಂದು ಫೋಟೋ, ಎಡದಿಂದ ಬಲಕ್ಕೆ ಹೆಸರು. ಕ್ಲಿನಿಕ್ಕಿನ ವಿಳಾಸ, ಫೋನ್ ನಂಬರ್, ಸಮಯ ಬೇಡ. ರೋಗಿಗಳನ್ನು ಸೆಳೆಯುವ ಜಾಹೀರಾತನ್ನು ಅದೇ 2002ರ ನಿಯಮಗಳು ತಡೆಯುತ್ತವೆ. ಅಭಿಮಾನಿಗಳು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಲು ಹೊರಟರೆ ಮೊದಲೇ ಕೈಮುಗಿದು ನಿಲ್ಲಿಸಿ.

ಸನ್ಮಾನ ಪತ್ರದ ಚೌಕಟ್ಟು ಎ4 ಅಳತೆಯದ್ದಾಗಿರಲಿ. ಕ್ಲಿನಿಕ್ಕಿನ ಗೋಡೆಯಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ, ಶುಲ್ಕದ ಪಟ್ಟಿ, ಜೈವಿಕ ತ್ಯಾಜ್ಯದ ಅನುಮತಿ ಆಗಲೇ ತೂಗುತ್ತಿರುತ್ತವೆ; ದೊಡ್ಡದು ಕೊಟ್ಟರೆ ಅದು ಮನೆಯ ಅಟ್ಟಕ್ಕೆ ಹೋಗುತ್ತದೆ. ಗಾಜಿಗೆ ಕಾಗದ ತಾಗದಂತೆ ಸುತ್ತ ದಪ್ಪ ಮೌಂಟ್ ಬೋರ್ಡ್ ಹಾಕಿಸಿ. ತಾಗಿದರೆ ಮೊದಲ ಮಳೆಗಾಲಕ್ಕೇ ತೇವ ಹಿಡಿದು ಶಾಯಿ ಗಾಜಿಗೆ ಅಂಟಿಕೊಳ್ಳುತ್ತದೆ, ಸಹಿಗಳ ಮೇಲೆ ಬೂಷ್ಟು ಬರುತ್ತದೆ. ಪತ್ರದ ಸಾಫ್ಟ್ ಕಾಪಿ ಮಕ್ಕಳಿಗೆ ಕಳಿಸಿಡಿ, ಮರುಮುದ್ರಣಕ್ಕೆ ಫೋನ್ ಬರುವುದು ಅವರಿಂದಲೇ.