ನಿಮ್ಮ ಶಾಸಕರ ರಾಜಕೀಯ ಜೀವನವನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಶಾಸಕರ ಬಗ್ಗೆ ಬರೆಯಲು ಹೊರಟವರು ಮೊದಲು ಹಿಡಿಯುವುದು ಅಭಿನಂದನಾ ಗ್ರಂಥವನ್ನು. ಅದು ಆಮೇಲೆ ಇರಲಿ, ಮೊದಲು ಕ್ಷೇತ್ರ ನೋಡಿ.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ದಾವಣಗೆರೆ ಉತ್ತರ, ದಕ್ಷಿಣ ಎಂದು ಎರಡಾಯಿತು. ಭರಮಸಾಗರ ಕ್ಷೇತ್ರವೇ ಹೋಯಿತು. ಮಾಯಕೊಂಡ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಎಸ್.ಎ. ರವೀಂದ್ರನಾಥ್ ಮಾಯಕೊಂಡದಿಂದ ಗೆಲ್ಲುತ್ತಿದ್ದವರು, 2008ರಲ್ಲಿ ದಾವಣಗೆರೆ ಉತ್ತರಕ್ಕೆ ಬಂದದ್ದು ಹೀಗೆ. ಈಗಿನ ಕ್ಷೇತ್ರದ ಹೆಸರಲ್ಲಿ ಮಾತ್ರ ಹುಡುಕಿದರೆ ಹಿಂದಿನ ಗೆಲುವುಗಳು ಸಿಗುವುದೇ ಇಲ್ಲ.

ನಂತರ ಚುನಾವಣಾ ಆಯೋಗದ ವರದಿಗಳಿಂದ ವರ್ಷ, ಕ್ಷೇತ್ರ, ಪಕ್ಷ, ಪಡೆದ ಮತ, ಅಂತರ ಇಷ್ಟನ್ನು ಒಂದು ಹಾಳೆಗೆ ಇಳಿಸಿ. ಸೋಲನ್ನು ಬಿಡಬೇಡಿ. 1962ರಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತು ಬಾಗಲಕೋಟೆಯಿಂದ ವಿಧಾನಸಭೆಗೆ ಹೋದರು. ಆ ಸೋಲು ಬಿಟ್ಟರೆ ಬಾಗಲಕೋಟೆ ಯಾಕೆ ಬಂತೆಂದೇ ತಿಳಿಯದು. ಎರಡು ಕಡೆ ನಿಂತಿದ್ದರೆ ಎರಡನ್ನೂ ಬರೆಯಿರಿ: 2018ರಲ್ಲಿ ಬಿ. ಶ್ರೀರಾಮುಲು ಮೊಳಕಾಲ್ಮೂರಿನಲ್ಲಿ ಗೆದ್ದರು, ಬಾದಾಮಿಯಲ್ಲಿ ಸೋತರು. ಉಪಚುನಾವಣೆಯ ಫಲಿತಾಂಶ ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿರುವುದಿಲ್ಲ, ಬೇರೆಯೇ ಹುಡುಕಬೇಕು. ಯಾವ ಹಳ್ಳಿ ಕೈಹಿಡಿಯಿತು ಎನ್ನುವುದು ಅಂತಿಮ ಫಲಿತಾಂಶದ ಹಾಳೆಯಾದ ನಮೂನೆ 20ರಲ್ಲಿ ಮತಗಟ್ಟೆವಾರು ಇರುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಆಸ್ತಿ, ಸಾಲ, ಪ್ರಕರಣಗಳನ್ನು ಘೋಷಿಸಿ ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರಕ್ಕೆ. ಎರಡು ಚುನಾವಣೆಯ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಸ್ಥಿರಾಸ್ತಿಯ ಕೆಳಗೆ ಖರೀದಿ ದಿನಾಂಕ, ಖರೀದಿ ಬೆಲೆ, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಬೇರೆಬೇರೆ ಇರುತ್ತವೆ. ಒಟ್ಟು ಮೊತ್ತ ದುಪ್ಪಟ್ಟಾದ ಕೂಡಲೇ ಹೊಸ ಆಸ್ತಿ ಕೊಂಡರೆಂದು ಬರೆಯುವುದು ಅನ್ಯಾಯ. ಸರ್ವೆ ನಂಬರ್ ಅದೇ ಇದ್ದರೆ ಏರಿದ್ದು ಜಮೀನಿನ ಬೆಲೆ ಮಾತ್ರ ಇರಬಹುದು. ಸಂಗಾತಿ, ಅವಲಂಬಿತರು, ಅವಿಭಕ್ತ ಕುಟುಂಬದ ಕಾಲಂಗಳನ್ನೂ, ಸಾಲವನ್ನೂ ನೋಡಿ. ಐದು ವರ್ಷದ ಆದಾಯ ತೋರಿಸಬೇಕೆಂಬ ನಿಯಮ ಬಂದದ್ದು 2019ರಲ್ಲಿ. ಹಾಗಾಗಿ 2018ರ ಪ್ರತಿಯಲ್ಲಿ ಅದು ಇಲ್ಲವೆಂದು ಮುಚ್ಚಿಟ್ಟರೆಂದುಕೊಳ್ಳಬೇಡಿ. ಬಾಕಿ ಪ್ರಕರಣ ಬೇರೆ, ಶಿಕ್ಷೆಯಾದದ್ದು ಬೇರೆ. ಎರಡನ್ನೂ ಕಲಸಿ ಬರೆದರೆ ಮಾನನಷ್ಟ ಮೊಕದ್ದಮೆ ಮೈಮೇಲೆ ಬರಬಹುದು.

ಸದನದ ಕೆಲಸಕ್ಕೆ ವಿಧಾನಸಭೆಯ ನಡವಳಿಗಳಿವೆ. ಮಂತ್ರಿಯಾಗಿದ್ದ ವರ್ಷಗಳಲ್ಲಿ ಪ್ರಶ್ನೆ ಕೇಳಿಲ್ಲವೆಂದು ದೂರಬೇಡಿ, ಆಗ ಅವರದು ಉತ್ತರ ಕೊಡುವ ಜಾಗ.

ಉಳಿದದ್ದು ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ ರೂಪಾಯಿ. ಇದರ ಲೆಕ್ಕ ಜಿಲ್ಲಾಧಿಕಾರಿ ಕಚೇರಿಯಲ್ಲಿರುತ್ತದೆ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಹೀಗೆ ಬರೆಯಿರಿ: "2023-24ನೇ ಸಾಲಿನಲ್ಲಿ ಮಾಯಕೊಂಡ ಕ್ಷೇತ್ರಕ್ಕೆ ಈ ನಿಧಿಯಡಿ ಮಂಜೂರಾದ ಕಾಮಗಾರಿಗಳ ಪಟ್ಟಿ, ಅಂದಾಜು ಮೊತ್ತ, ಬಿಡುಗಡೆಯಾದ ಹಣ, ಅನುಷ್ಠಾನ ಸಂಸ್ಥೆಯ ಹೆಸರು, ಬಳಕೆ ಪ್ರಮಾಣಪತ್ರಗಳ ಪ್ರತಿ ಕೊಡಿ." ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. "ನಮ್ಮೂರಿನ ರಸ್ತೆ ಯಾಕೆ ಮಾಡಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲವೆಂದು ಹಿಂದಿರುಗಿಸುತ್ತಾರೆ, ಕಡತದಲ್ಲಿರುವುದನ್ನೇ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಸ್ವೀಕೃತಿ ಚೀಟಿ ಜೋಪಾನ ಮಾಡಿ.