ಏಳು ಮಾರು ಬಾವಿ

ಎಸ್ಸೆಸ್ಸೆಲ್ಸಿವರೆಗೆ ನಾನು ಆಳಂದ ಕಡೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವನು. ಪಿಯುಸಿ ಸೈನ್ಸಿಗೆ ಕಲಬುರಗಿಗೆ ಬಂದೆ. ವೇಗೋತ್ಕರ್ಷ ಹೋಗಿ ಆಕ್ಸಿಲರೇಶನ್ ಬಂತು, ಘರ್ಷಣೆ ಹೋಗಿ ಫ್ರಿಕ್ಷನ್ ಬಂತು. ಇಂಗ್ಲಿಷೇ ನನ್ನ ತೊಂದರೆ ಅಂದುಕೊಂಡಿದ್ದೆ. ಅದು ಅರ್ಧ ನಿಜ. ಫಿಸಿಕ್ಸ್ ಲೆಕ್ಕ ಕಂಡ ಕೂಡಲೇ ಕೊಟ್ಟ ಅಂಕಿಗಳು ಯಾವ ಫಾರ್ಮುಲಾದಲ್ಲಿ ಕೂರುತ್ತವೆ ಅಂತ ಹುಡುಕುತ್ತಿದ್ದೆ. ಸಿಗದಿದ್ದರೆ ಐದೇ ನಿಮಿಷಕ್ಕೆ ಗೈಡ್ ತೆರೆಯುತ್ತಿದ್ದೆ. ಓದುವಾಗ ಎಲ್ಲ ತಿಳಿದ ಹಾಗೇ ಇರುತ್ತಿತ್ತು. ಟೆಸ್ಟಿನಲ್ಲಿ 35ಕ್ಕೆ 9.

ಬೇಸಿಗೆ ರಜೆಗೆ ಊರಿಗೆ ಹೋದಾಗ ಹೊಲದ ಬಾವಿಗೆ ಕಲ್ಲು ಬಿಟ್ಟು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದೆ. 1.9 ಸೆಕೆಂಡು. ಬಿದ್ದ ದೂರ ಕೊಡುವ ಅರ್ಧ ಜಿ ಟಿ ಸ್ಕ್ವೇರ್ (ಜಿ ಗುರುತ್ವದ ವೇಗೋತ್ಕರ್ಷ, ಟಿ ಸಮಯ) ಹಾಕಿದರೆ 17.7 ಮೀಟರ್. ಜಂಬದಿಂದ ಮುತ್ಯಾಗೆ, ಅಂದರೆ ಅಜ್ಜನಿಗೆ, ಹೇಳಿದೆ.

“ಎಲ್ಲಿಂದ ತಂದಿಯೋ ಅಷ್ಟು? ನೀರಿನ ತನಕ ಏಳು ಮಾರು ಹಗ್ಗ ಹಿಡೀತದ.”

ಏಳು ಮಾರು ಅಂದರೆ ಹತ್ತಿರ ಹತ್ತಿರ 42 ಅಡಿ, 13 ಮೀಟರಿಗಿಂತ ತುಸು ಕಮ್ಮಿ. ತಪ್ಪನ್ನು ಮೊದಲು ಶಬ್ದದ ತಲೆಗೆ ಕಟ್ಟಿದೆ. ಆದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಬಾವಿಯ ತಳದಿಂದ ಮೇಲೆ ಬರಲು ಅದಕ್ಕೆ 0.04 ಸೆಕೆಂಡೂ ಬೇಡ. ಗಾಳಿಯ ತಡೆಯೂ ಆ ಗುಂಡುಕಲ್ಲಿಗೆ ಅಷ್ಟೇನಿಲ್ಲ. ಉಳಿದದ್ದು ನನ್ನ ಬೆರಳು! ಅಷ್ಟು ಆಳಕ್ಕೆ ಬೀಳಲು 1.6 ಸೆಕೆಂಡು ಸಾಕು. ‘ಡುಬುಕ್’ ಕೇಳಿ ಒತ್ತುವಷ್ಟರಲ್ಲಿ ಕಾಲು ಸೆಕೆಂಡು ಹೋಗಿತ್ತು. ಸಮಯದ ವರ್ಗ ಮಾಡುವುದರಿಂದ ಶೇ 15ರ ತಪ್ಪು ಆಳಕ್ಕೆ ಬಂದಾಗ ಶೇ 30 ದಾಟಿತು. ಅಳತೆಯ ತಪ್ಪುಗಳ ಎರರ್ಸ್ ಪಾಠವನ್ನು ಎರಡು ಸಲ ಬಾಯಿಪಾಠ ಮಾಡಿದ್ದೆ, ಹೊಳೆದದ್ದು ಬಾವಿಕಟ್ಟೆಯ ಮೇಲೆ.

ಅಂದಿನಿಂದ ಲೆಕ್ಕವನ್ನು ಮೊದಲು ನಮ್ಮ ಮಾತಿನಲ್ಲಿ ಹೇಳಿಕೊಳ್ಳುತ್ತೇನೆ, ಚಿತ್ರ ಬರೆಯುತ್ತೇನೆ, ಉತ್ತರ ಎಷ್ಟಿರಬಹುದು ಅಂತ ಮೂಲೆಯಲ್ಲಿ ಗೀಚುತ್ತೇನೆ. ಫಾರ್ಮುಲಾ ಆಮೇಲೆ. ಗೈಡ್ ರೂಮ್‌ಮೇಟ್‌ನ ಟ್ರಂಕಿನಲ್ಲಿ. ಅರ್ಧ ಗಂಟೆ ಒದ್ದಾಡದೆ ಕೀಲಿ ಕೊಡಬೇಡ ಅಂತ ಹೇಳಿಟ್ಟಿದ್ದೆ. ಪುಣ್ಯಾತ್ಮ ಒಮ್ಮೆ ಕೀಲಿ ಜೇಬಲ್ಲಿಟ್ಟುಕೊಂಡೇ ಊರಿಗೆ ಹೋಗಿಬಿಟ್ಟ.

ಉತ್ತರ ಬಂದ ಮೇಲೂ ಅದನ್ನು ಸ್ವಲ್ಪ ಕಾಡಬೇಕು. ಇಳಿಜಾರು ಹಲಗೆಯ ಮೇಲಿನ ದಿಮ್ಮಿಯ ಲೆಕ್ಕದಲ್ಲಿ ನಾರ್ಮಲ್ ಬಲ, ಅಂದರೆ ಹಲಗೆ ದಿಮ್ಮಿಯನ್ನು ಲಂಬವಾಗಿ ಒತ್ತುವ ಬಲ, ಎಂಜಿ (ದಿಮ್ಮಿಯ ಪೂರ್ತಿ ತೂಕ) ಅಂತಲೇ ಬರೆಯುವ ಚಟ ನನಗೆ. ಈಗ ಹಲಗೆಯನ್ನು ಮನಸ್ಸಿನಲ್ಲೇ 90 ಡಿಗ್ರಿ ನಿಲ್ಲಿಸಿ ನೋಡುತ್ತೇನೆ. ನೆಟ್ಟಗೆ ನಿಂತ ಗೋಡೆ ಪಕ್ಕದಲ್ಲಿ ಬೀಳುತ್ತಿರುವ ದಿಮ್ಮಿಯನ್ನು ಯಾಕೆ ಒತ್ತೀತು? ಬಲ ಸೊನ್ನೆ ಆಗಬೇಕು. ಎಂಜಿ ಕಾಸ್ ಥೀಟಾ (ಥೀಟಾ ಹಲಗೆಯ ಇಳಿಜಾರಿನ ಕೋನ, ಕಾಸ್ 90 ಸೊನ್ನೆ) ಬರೆದರೆ ಆಗುತ್ತದೆ, ಬರೀ ಎಂಜಿ ಬರೆದರೆ ಆಗುವುದಿಲ್ಲ.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ವಿದ್ಯುತ್ ಸರ್ಕ್ಯೂಟಿನ ಕಿರ್ಚಾಫ್ ಲೂಪಿನಲ್ಲಿ ಪ್ಲಸ್ ಮೈನಸ್ ಈಗಲೂ ತಪ್ಪುತ್ತೇನೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಸರಿಯಾದ ಲೆಕ್ಕ ಒಂದೂ ಇಲ್ಲ, ತಪ್ಪಿದವೇ ಎಲ್ಲ. ಮೊದಲ ಪುಟದಲ್ಲಿ ಬಾವಿಯ ಚಿತ್ರ, ಪಕ್ಕದಲ್ಲಿ 17.7.