ಐದು ಶಾಸನಸಭೆಯವು, ಐದು ನಮ್ಮವು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಕಚೇರಿ ಕೆಲಸಕ್ಕೆ ನಾನು ಸೇರಿದ ಮೊದಲ ವರ್ಷದ ಮಾತು. ಸರ್ಕಾರದ ಸಾರ್ವತ್ರಿಕ ರಜಾ ಪಟ್ಟಿ ಮೊಬೈಲಿಗೆ ಬಂದಿತ್ತು. ಅದನ್ನೇ ಮುದ್ರಿಸಿ ಹಾಜರಿ ಪುಸ್ತಕ ಇಡುವ ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿದೆ. ಮಧ್ಯಾಹ್ನದ ಚಹಾದ ಹೊತ್ತಿಗೆ ಅರವತ್ತು ಜನರೂ ಓದಿ, ಊರಿಗೆ ಹೋಗುವ ದಿನಗಳನ್ನು ಲೆಕ್ಕ ಹಾಕಿ ಮುಗಿಸಿದ್ದರು. ಸಂಜೆ ಮಾಲೀಕರು ಕರೆದು, "ಇಷ್ಟೊಂದು ರಜೆ ಕೊಡಬೇಕೆಂದು ಯಾವ ಕಾಯ್ದೆಯಲ್ಲಿದೆ?" ಎಂದು ಕೇಳಿದರು. ಬಾಯಿ ಕಟ್ಟಿತು. ಮರುದಿನ ಎಲ್ಲರ ಕಣ್ಣೆದುರೇ ಪಟ್ಟಿ ಕೀಳಬೇಕಾಯಿತು. ಅಷ್ಟು ಬೈಗುಳ ಆಮೇಲೆ ಎಂದೂ ತಿಂದಿಲ್ಲ.

ಅನಂತರವೇ ಕಾಯ್ದೆ ತೆಗೆದು ಓದಿದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಗೆ ಕಾಣುವ ದಿನಗಳನ್ನೆಲ್ಲ ವಿಧಾನಸಭೆ ಕುಳಿತು ತೀರ್ಮಾನಿಸಿರುತ್ತದೆ ಎಂದು ನಾನು ನಂಬಿದ್ದೆ. ಹಾಗಲ್ಲ. ಕಚೇರಿಗಳ ವಾರ್ಷಿಕ ಪಟ್ಟಿಗೆ ಸಚಿವ ಸಂಪುಟ ಒಪ್ಪಿದರೆ ಮುಗಿಯಿತು. ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ ಅಧಿಸೂಚನೆ ಹೊರಡಿಸುತ್ತದೆ. ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತನಾಗಿರುವ ನನ್ನ ಭಾವನಿಗೆ 2019ರಲ್ಲಿ ನಾಲ್ಕನೇ ಶನಿವಾರ ರಜೆ ಸಿಕ್ಕಿದ್ದೂ, ಅದರ ಬದಲಿಗೆ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿದದ್ದೂ ಸರ್ಕಾರಿ ಆದೇಶದಿಂದಲೇ. ಬ್ಯಾಂಕಿನ ರಜೆಗೆ ಆಧಾರ ಇನ್ನೂ ಹಳೆಯದು, 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 25ನೇ ಕಲಂ. ಹುಂಡಿಯ, ಅಂದರೆ ಗೊತ್ತಾದ ದಿನ ಹಣ ಕಟ್ಟುತ್ತೇವೆಂದು ಒಪ್ಪಿದ ವ್ಯಾಪಾರದ ಪತ್ರದ, ವಾಯಿದೆ ರಜೆಯ ದಿನ ಮುಗಿದರೆ ಹಣವನ್ನು ಅದರ ಹಿಂದಿನ ಕೆಲಸದ ದಿನವೇ ಕಟ್ಟಬೇಕು, ಮರುದಿನವಲ್ಲ. ಇದನ್ನು ನಾನು ಬಡ್ಡಿ ತೆತ್ತು ಕಲಿತೆ.

ನಮ್ಮಂಥ ಕಾರ್ಖಾನೆಗಳಿಗೆ ಮಾತ್ರ ಶಾಸನಸಭೆಯೇ ಮಾಡಿದ ಕಾಯ್ದೆ ಇದೆ: ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ, 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಅದರಲ್ಲೇ ನಮೂದಾಗಿವೆ. ಇವುಗಳಲ್ಲಿ ಒಂದನ್ನು ಕದಲಿಸಬೇಕಾದರೂ ತಿದ್ದುಪಡಿ ಮಸೂದೆ ಎರಡೂ ಸದನ ದಾಟಿ ರಾಜ್ಯಪಾಲರ ಅಂಕಿತ ಪಡೆಯಬೇಕು. ಇನ್ನುಳಿದ ಐದು ಹಬ್ಬಗಳನ್ನು ಕಾಯ್ದೆ ಹೆಸರಿಸಿಲ್ಲ. ಮಾಲೀಕ ಮತ್ತು ಕಾರ್ಮಿಕರೊಂದಿಗೆ ಸಮಾಲೋಚಿಸಿ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಗೊತ್ತುಮಾಡಬೇಕು. ಅಲ್ಲಿಂದ ನನ್ನ ತಲೆನೋವು ಶುರು.

ಡಿಸೆಂಬರಿನ ಒಂದು ಶನಿವಾರ ಊಟದ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸುತ್ತೇನೆ. ಯುಗಾದಿ, ದೀಪಾವಳಿ ಪಾಡ್ಯಗಳಿಗೆ ಯಾರದೂ ತಕರಾರಿಲ್ಲ. ಮೊದಲ ಸಲ ನಾನು ಆಯುಧಪೂಜೆ ಎಂದು ಬರೆದಾಗ ಲೇತ್ ಮೇಸ್ತ್ರಿ ನಕ್ಕುಬಿಟ್ಟರು. "ಸರ್, ಆ ದಿನ ಯಂತ್ರ ತೊಳೆದು ಕುಂಬಳಕಾಯಿ ಒಡೆಯಲು ನಾವೇ ಬರುತ್ತೇವಲ್ಲ, ರಜೆ ಯಾರಿಗೆ? ಬನ್ನಿ ಕೊಡುವ ದಿನ ರಜೆ ಕೊಡಿ." ವಿಜಯದಶಮಿ ಎಂದು ತಿದ್ದಿದೆ. ಪ್ಯಾಕಿಂಗ್ ವಿಭಾಗದ ಹೆಂಗಸರು ಹಟ ಹಿಡಿದದ್ದು ನಾಗರ ಪಂಚಮಿಗೆ. ಸರ್ಕಾರದ ಸಾರ್ವತ್ರಿಕ ರಜೆಗಳಲ್ಲಿ ಪಂಚಮಿ ಇಲ್ಲವೆಂದು ನಾನು ಪಟ್ಟಿ ತೋರಿಸಿದೆ. "ತವರಿಗೆ ಹೋಗುವವರು ನಾವೋ ಸರ್ಕಾರವೋ?" ಎಂದು ಕುಂದಗೋಳ ಕಡೆಯ ಅಕ್ಕ ಒಬ್ಬರು ಕೇಳಿದರು. ನವಲಗುಂದದವರು, ಅಣ್ಣಿಗೇರಿಯವರು ಸೇರಿ ಶೆಡ್ಡೆಲ್ಲ ಅವರ ಕಡೆಯೇ ಆಯಿತು. ಗಣೇಶ ಚತುರ್ಥಿ ಬಿಟ್ಟು ಪಂಚಮಿ ಹಿಡಿದೆವು. ಬೆಂಗಳೂರಿನ ಗಿರಾಕಿಗಳು ಇಂದಿಗೂ ಆ ದಿನ ಫೋನ್ ಮಾಡಿ ಬೇಸರಪಡುತ್ತಾರೆ.

ಐದನೆಯದು ರಂಜಾನ್. ಪಟ್ಟಿಯಲ್ಲಿ ತಾರೀಖು ಬರೆಯಲೇಬೇಕು, ಚಂದ್ರನೋ ನಮ್ಮ ಪಟ್ಟಿ ಓದಿರುವುದಿಲ್ಲ. ಒಂದು ವರ್ಷ ಹಬ್ಬ ಮರುದಿನಕ್ಕೆ ಹೋಯಿತು. ಬರೆದ ದಿನ ಯಂತ್ರ ನಿಲ್ಲಿಸಿಯೂ ಆಗಿತ್ತು, ಹಬ್ಬದ ದಿನ ಮೌಲ್ಡಿಂಗಿಗೆ ಜನವೂ ಇರಲಿಲ್ಲ. ಈಗ ತಾರೀಖಿನ ಪಕ್ಕ "ಚಂದ್ರದರ್ಶನಕ್ಕೆ ಒಳಪಟ್ಟು" ಎಂದು ಸೇರಿಸಿ, ಹಿಂದಿನ ರಾತ್ರಿ ಒಂಬತ್ತರವರೆಗೆ ಫೋನ್ ಹಿಡಿದು ಕೂರುತ್ತೇನೆ. ರಜೆಯ ದಿನ ತುರ್ತು ಕೆಲಸಕ್ಕೆ ಕರೆದರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜತೆಗೆ ಸಂಬಳ ಸಹಿತ ಬದಲಿ ರಜೆ. ಆದ್ದರಿಂದ ಮಾಲೀಕರೂ ಸುಮ್ಮನೆ ಕರೆಯುವುದಿಲ್ಲ.

ಬಗೆಹರಿಯದೆ ಉಳಿದದ್ದು ರಂಗಪಂಚಮಿ. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ಹೋಳಿ ಹುಣ್ಣಿಮೆಯ ಮರುದಿನವಲ್ಲ, ಐದನೆಯ ದಿನ. ಹತ್ತರ ಲೆಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ, ಆದ್ದರಿಂದ ಅಂದು ಕಾರ್ಖಾನೆ ತೆರೆದೇ ಇರುತ್ತದೆ. ಅರ್ಧದಷ್ಟು ಜನ ಬರುತ್ತಾರೆ. ಹಾಜರಿ ಪುಸ್ತಕದ ಆ ಪುಟದಲ್ಲಿ ಪ್ರತಿ ವರ್ಷವೂ ಸಹಿಗಳ ಪಕ್ಕ ಗುಲಾಬಿ ಬಣ್ಣದ ಹೆಬ್ಬೆರಳಿನ ಗುರುತುಗಳಿರುತ್ತವೆ.